ಪ್ರಮಾಣಪತ್ರವಿಲ್ಲದೆ ಬಂದ ಹುಡುಗಿ

ಅಮೆರಿಕದ ಉತ್ತರ ಭಾಗದಲ್ಲಿ, ಕೆನಡಾದ ಗಡಿಗೆ ಹೊಂದಿಕೊಂಡಿರುವ ಮಿನ್ನೆಸೋಟಾ ರಾಜ್ಯದ ರಾಜಧಾನಿ ಸೇಂಟ್ ಪಾಲ್. 2002ರ ಜನವರಿ 29ರಂದು ಆ ಊರಿನ ಪೂರ್ವ ಭಾಗದಲ್ಲಿ ರಾಜ್ಯ ಸೆನೆಟ್ಟಿನ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಅಲ್ಲಿಯ ಸೆನೆಟರ್ ರ್‍ಯಾಂಡಿ ಕೆಲ್ಲಿ ನಗರದ ಮೇಯರ್ ಆಗಿ ಗೆದ್ದಿದ್ದರಿಂದ ಆ ಸ್ಥಾನ ತೆರವಾಗಿತ್ತು. ಗೆದ್ದವರು ಮೀ ಮುವಾ ಎಂಬ 32 ವರ್ಷದ ವಕೀಲೆ. ಲಾವೋಸಿನ ಗುಡ್ಡಗಾಡಿನಲ್ಲಿ ಹುಟ್ಟಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಬಾಲ್ಯ ಕಳೆದು, ಒಂಬತ್ತನೆಯ ವಯಸ್ಸಿಗೆ ಅಮೆರಿಕ ಸೇರಿದವರು. ಹ್ಮಾಂಗ್ ಸಮುದಾಯದಿಂದ ಅಮೆರಿಕದ ಒಂದು ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲಿಗರು.

ಇಂಥ ಬದುಕನ್ನು ನಾವು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಶಿಬಿರದಿಂದ ಶಾಸನಸಭೆಗೆ ಎಂಬ ಶೀರ್ಷಿಕೆ ತಾನಾಗಿಯೇ ಬರುತ್ತದೆ. ಛಲವಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೀ ಮುವಾ ಅವರ ಬದುಕಿನ ಪ್ರತಿ ತಿರುವಿನಲ್ಲೂ ಯಾವುದೋ ಕಾನೂನಿನ ಒಂದು ವಿಧಿ ಬಾಗಿಲು ತೆರೆದುಕೊಟ್ಟಿದೆ, ಇಲ್ಲವೇ ಮುಚ್ಚಲು ನೋಡಿದೆ. ವಕೀಲೆಯಾದ ಅವರಿಗೆ ಇದು ಇತರರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಬಾಗಿಲುಗಳ ಕಡೆಯಿಂದ ಈ ಬದುಕನ್ನು ನೋಡಬೇಕು ಎನ್ನುವುದು ನನ್ನ ಆಸೆ.

ಹ್ಮಾಂಗ್ ಎಂಬ ಹೆಸರು ಕನ್ನಡದ ಓದುಗರಿಗೆ ಅಷ್ಟು ಪರಿಚಿತವಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್‌ನಲ್ಲಿ ಆಲ್‌ರೌಂಡ್ ಚಿನ್ನ ಗೆದ್ದ ಸುನಿಸಾ ಲೀ ಈ ಸಮುದಾಯದ ಹುಡುಗಿ, ಸೇಂಟ್ ಪಾಲ್‌ನವಳೇ. ಚೀನಾದ ದಕ್ಷಿಣ ಭಾಗದಿಂದ ಇಳಿದುಬಂದು ಲಾವೋಸ್, ವಿಯೆಟ್ನಾಂ, ಥಾಯ್ಲೆಂಡ್‌ಗಳ ಬೆಟ್ಟಗಳಲ್ಲಿ ನೆಲೆಸಿದ ಜನ ಇವರು. ಇವರಿಗೆ ಸ್ವಂತ ದೇಶವೆಂಬುದು ಇಲ್ಲ. ಲಾವೋಸಿನ ಹ್ಮಾಂಗರ ಭಾಷೆಗೆ ರೋಮನ್ ಲಿಪಿಯ ಬರವಣಿಗೆ ಬಂದದ್ದೇ 1950ರ ದಶಕದಲ್ಲಿ, ಮಿಷನರಿಗಳ ಮೂಲಕ. ಹಾಗಾಗಿ ಮೀ ಮುವಾ ಅವರ ಹಿಂದಿನ ತಲೆಮಾರಿನವರಲ್ಲಿ ಹೆಚ್ಚಿನವರು ಯಾವ ಭಾಷೆಯಲ್ಲೂ ಓದು ಬರಹ ಕಲಿತವರಲ್ಲ. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಈ ಒಂದು ಸಂಗತಿ ನೆನಪಿರಬೇಕು.

1962ರ ಜಿನೀವಾ ಒಪ್ಪಂದದ ಪ್ರಕಾರ ಲಾವೋಸ್ ತಟಸ್ಥ ದೇಶ. ಹೊರಗಿನ ಯಾವ ಸೇನೆಯೂ ಅಲ್ಲಿ ಕಾಲಿಡುವಂತಿರಲಿಲ್ಲ. ಉತ್ತರ ವಿಯೆಟ್ನಾಂ ಅದನ್ನು ಪಾಲಿಸಲಿಲ್ಲ, ಅಮೆರಿಕವೂ ಪಾಲಿಸಲಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಸೈನಿಕರನ್ನು ಬಹಿರಂಗವಾಗಿ ಇಳಿಸುವ ಬದಲು ಹ್ಮಾಂಗರ ಕೈಗೆ ಬಂದೂಕು ಕೊಟ್ಟಿತು. ವಾಂಗ್ ಪಾವೊ ಎಂಬ ಹ್ಮಾಂಗ್ ಸೇನಾನಿಯ ನೇತೃತ್ವದಲ್ಲಿ ಲಾಂಗ್ ಚೆಂಗ್ ಎಂಬ ಕಣಿವೆಯಲ್ಲಿ ಗುಪ್ತ ನೆಲೆ ಎದ್ದಿತು. ಬಿದ್ದ ವಿಮಾನಗಳ ಅಮೆರಿಕನ್ ಪೈಲಟ್‌ಗಳನ್ನು ಕಾಡಿನಿಂದ ಹೊತ್ತು ತರುವುದು, ದಕ್ಷಿಣ ವಿಯೆಟ್ನಾಂ ಕಡೆಗೆ ಹೋಗುವ ಹೋ ಚಿ ಮಿನ್ ದಾರಿಯ ಸಾಗಾಟಕ್ಕೆ ಅಡ್ಡಿಮಾಡುವುದು, ಬೆಟ್ಟದ ತುದಿಯ ರೇಡಾರ್ ಕೇಂದ್ರವನ್ನು ಕಾಯುವುದು, ಇವು ಅವರ ಕೆಲಸ. ದೊಡ್ಡವರು ಸತ್ತಂತೆ ಹದಿಮೂರು ಹದಿನಾಲ್ಕರ ಹುಡುಗರೂ ಬಂದೂಕು ಹಿಡಿದರು. ಮೇಲಿನಿಂದ ಅಮೆರಿಕ 1964ರಿಂದ 1973ರವರೆಗೆ ಲಾವೋಸಿನ ಮೇಲೆ ಸುರಿದ ಬಾಂಬು 20 ಲಕ್ಷ ಟನ್ನಿಗೂ ಹೆಚ್ಚು. ಅಮೆರಿಕದ ಜನತೆಗೆ ಈ ಯುದ್ಧದ ಬಗ್ಗೆ ಸರ್ಕಾರ ಬಹುಕಾಲ ಏನನ್ನೂ ಹೇಳಲಿಲ್ಲ.

ಮೀ ಮುವಾ ಹುಟ್ಟಿದ್ದು ಇದರ ನಟ್ಟನಡುವೆ, 1969ರಲ್ಲಿ, ಷಿಯಾಂಗ್ ಖುವಾಂಗ್ ಪ್ರಾಂತ್ಯದಲ್ಲಿ. ಸಾವಿರಾರು ವರ್ಷ ಹಳೆಯ ಬೃಹತ್ ಕಲ್ಲಿನ ಹಂಡೆಗಳು ಬಯಲಲ್ಲಿ ಬಿದ್ದಿರುವ ಆ ಪ್ರಾಂತ್ಯ ಬಾಂಬಿನ ಹೊಡೆತವನ್ನು ಅತಿ ಹೆಚ್ಚು ತಿಂದ ಜಾಗಗಳಲ್ಲಿ ಒಂದು. ಸಿಡಿಯದೆ ಉಳಿದ ಬಾಂಬುಗಳು ಇವತ್ತಿಗೂ ಅಲ್ಲಿ ಹೊಲ ಉಳುವವರ ಕೈಕಾಲು ಕೀಳುತ್ತಿವೆ.

1975ರ ಮೇ ತಿಂಗಳಲ್ಲಿ ಅಮೆರಿಕ ಹೊರಟುಹೋಯಿತು. ವಾಂಗ್ ಪಾವೊ ಮತ್ತು ಅವರ ಕೆಲವು ಸಾವಿರ ಮಂದಿಗೆ ಮಾತ್ರ ವಿಮಾನದಲ್ಲಿ ಜಾಗ ಸಿಕ್ಕಿತು. ರನ್‌ವೇಯಲ್ಲಿ ಉಳಿದವರು ಗೆದ್ದ ಕಮ್ಯುನಿಸ್ಟರ ಸೇಡಿಗೆ ಸಿಕ್ಕರು. ಕಾಡಿನಲ್ಲಿ ವಾರಗಟ್ಟಲೆ ನಡೆದು, ಬಿದಿರಿನ ತೆಪ್ಪ ಕಟ್ಟಿ, ಗುಂಡಿನ ನಡುವೆ ಮೆಕಾಂಗ್ ನದಿ ದಾಟಿ ಥಾಯ್ಲೆಂಡ್ ಸೇರಿದವರು ಒಂದು ಪಾಲು. ನದಿಯಲ್ಲೇ ಹೋದವರು ಇನ್ನೊಂದು ಪಾಲು. ಮುವಾ ಕುಟುಂಬ ಥಾಯ್ಲೆಂಡಿಗೆ ದಾಟಿದಾಗ ಮೀಗೆ ಐದರ ವಯಸ್ಸು. 1978ರಲ್ಲಿ ಆ ಕುಟುಂಬಕ್ಕೆ ಅಮೆರಿಕ ಪ್ರವೇಶ ಕೊಟ್ಟಿತು. ಅದು ಉಪಕಾರವಾಗಿರಲಿಲ್ಲ, ಸಾಲದ ಮರುಪಾವತಿಯಾಗಿತ್ತು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಂದಿನ ಎಲ್ಲ ಚರ್ಚೆಗಳಲ್ಲೂ ಮೊದಲು ಮರೆತುಹೋಗುವುದು ಇದೇ.

ನಿರಾಶ್ರಿತರು ಒಂದೇ ಕಡೆ ಗುಂಪುಗೂಡಬಾರದೆಂಬುದು ಆಗಿನ ಅಮೆರಿಕದ ನೀತಿ. ಚರ್ಚುಗಳು ಪ್ರಾಯೋಜಕರಾಗಿ ನಿಂತು ಒಂದೊಂದು ಕುಟುಂಬವನ್ನು ಒಂದೊಂದು ಊರಿಗೆ ಕರೆಸಿಕೊಂಡವು. ಮುವಾ ಕುಟುಂಬ ಮೊದಲು ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ಇಳಿದು, ಆಮೇಲೆ ವಿಸ್ಕಾನ್ಸಿನ್‌ನ ಆಪಲ್‌ಟನ್ ಎಂಬ ಸಣ್ಣ ನಗರಕ್ಕೆ ಬಂತು. ಹೀಗೆ ಚದುರಿಸಿದ ಹ್ಮಾಂಗರು ಕೆಲವೇ ವರ್ಷಗಳಲ್ಲಿ ಸಂಬಂಧಿಕರನ್ನು ಹುಡುಕಿಕೊಂಡು ತಾವಾಗಿಯೇ ಕ್ಯಾಲಿಫೋರ್ನಿಯಾದ ಫ್ರೆಸ್ನೊ, ಮಿನ್ನೆಸೋಟಾದ ಸೇಂಟ್ ಪಾಲ್‌ಗಳಲ್ಲಿ ಒಟ್ಟುಗೂಡಿದರು. ಹದಿನೆಂಟು ಕುಲಗಳ ಬಂಧದಲ್ಲೇ ಮದುವೆ, ಸಾವು, ಸಾಲ, ಜಗಳ ಎಲ್ಲವನ್ನೂ ನಡೆಸುವ ಜನ ಬೇರೆ ಬೇರೆಯಾಗಿ ಬದುಕುವುದು ಸಾಧ್ಯವೇ ಇರಲಿಲ್ಲ. ಸರ್ಕಾರದ ಯೋಜನೆ ಸೋತಿತು. ಅದು ಸೋತದ್ದರಿಂದಲೇ ಮುಂದೆ ಸೇಂಟ್ ಪಾಲ್‌ನಲ್ಲಿ ಒಂದು ಮತವರ್ಗ ಹುಟ್ಟಿತು.

ಮೀ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪದವಿ ಓದಿದರು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, 1997ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಿಂದ ಕಾನೂನು ಪದವೀಧರೆಯಾಗಿ ಹೊರಬಂದು ವಕೀಲಿಕೆ ಹಿಡಿದರು. ಈ ಪಟ್ಟಿಯನ್ನು ನೋಡಿದವರಿಗೆ ಇವರು ಹುಟ್ಟಾ ಪ್ರತಿಭಾವಂತೆ, ಎಲ್ಲಿದ್ದರೂ ಮೇಲೆ ಬರುತ್ತಿದ್ದರು ಎನ್ನಿಸಬಹುದು. ಆ ಎಣಿಕೆಯನ್ನು ಸ್ವತಃ ಅವರ ಬದುಕೇ ಒಪ್ಪುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಚುನಾವಣೆಗೆ ಬರೋಣ. ಅಮೆರಿಕದ ಪೌರತ್ವಕ್ಕೆ ಇಂಗ್ಲಿಷ್ ಓದಿ ಬರೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಮೆರಿಕಕ್ಕಾಗಿ ಕಾದಾಡಿದ ಹ್ಮಾಂಗ್ ಹಿರಿಯರಿಗೆ ಅದು ದಾಟಲಾಗದ ಗೋಡೆ. ತಮ್ಮ ಭಾಷೆಯನ್ನೇ ಓದಲು ಕಲಿಯದವರು ಅರವತ್ತರ ವಯಸ್ಸಿನಲ್ಲಿ ಇಂಗ್ಲಿಷ್ ಓದುವುದೆಂದರೇನು? ಹೀಗಾಗಿ ವರ್ಷಗಟ್ಟಲೆ ಅಲ್ಲಿದ್ದರೂ ಅವರಲ್ಲಿ ಅನೇಕರು ಪೌರರಲ್ಲ, ಮತದಾರರೂ ಅಲ್ಲ. ಸೇಂಟ್ ಪಾಲ್‌ನ ಸಂಸದ ಬ್ರೂಸ್ ವೆಂಟೊ ಈ ಅನ್ಯಾಯವನ್ನು ಬಿಡದೆ ಹಿಡಿದರು. ಲಾವೋಸಿನ ಗೆರಿಲ್ಲಾ ಪಡೆಗಳಲ್ಲಿ ಸೇವೆ ಸಲ್ಲಿಸಿದವರಿಗೂ ಅವರ ಪತ್ನಿಯರಿಗೂ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಕೊಡುವ ಮಸೂದೆಗಾಗಿ ವರ್ಷಗಟ್ಟಲೆ ಹೋರಾಡಿದರು. 2000ದ ಮೇ 26ರಂದು ಅಧ್ಯಕ್ಷ ಕ್ಲಿಂಟನ್ ಅದಕ್ಕೆ ಸಹಿ ಹಾಕಿದರು. ಗರಿಷ್ಠ 45 ಸಾವಿರ ಮಂದಿಗೆ ಅನ್ವಯಿಸುವ ಕಾಯ್ದೆ ಅದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವೆಂಟೊ ಕ್ಯಾನ್ಸರಿನಿಂದ ತೀರಿಕೊಂಡರು. ಒಬ್ಬ ಜನಪ್ರತಿನಿಧಿ ತನಗೆ ಮತ ಹಾಕಲಾಗದ ಜನರಿಗಾಗಿ ಇಷ್ಟು ಕಾಲ ದುಡಿದದ್ದನ್ನು ನಾನು ದೊಡ್ಡ ಸಂಗತಿಯೆಂದು ಭಾವಿಸುತ್ತೇನೆ.

ಕಾಯ್ದೆ ಬಂದು ಎರಡು ವರ್ಷ ತುಂಬುವ ಮೊದಲೇ ಉಪಚುನಾವಣೆ ಬಂತು. ಇಲ್ಲಿ ಮಿನ್ನೆಸೋಟಾದ ಇನ್ನೊಂದು ವಿಧಿ ನೆರವಿಗೆ ನಿಂತಿತು. ನಮ್ಮಲ್ಲಿ ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಮತದಾರರ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಮಿನ್ನೆಸೋಟಾದಲ್ಲಿ 1970ರ ದಶಕದಿಂದಲೂ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ನೋಂದಾಯಿಸಿ, ಅಲ್ಲೇ ಮತ ಹಾಕಿ ಬರಬಹುದು. ವಿಳಾಸದ ದಾಖಲೆ ಇಲ್ಲದಿದ್ದರೆ ಅದೇ ಮತಗಟ್ಟೆಯ ನೋಂದಾಯಿತ ಮತದಾರರೊಬ್ಬರು, ಇವರು ಇಲ್ಲಿಯವರೇ ಎಂದು ಪ್ರಮಾಣ ಮಾಡಿದರೆ ಸಾಕು. ಓದಲು ಬಾರದ ಮತದಾರರು ತಮಗೆ ಬೇಕಾದವರ ಸಹಾಯ ಪಡೆಯುವುದಕ್ಕೆ ದೇಶದ ಕಾನೂನೇ ಅವಕಾಶ ಕೊಟ್ಟಿದೆ. ಹೊಸ ಪೌರರ ಸಮುದಾಯವೊಂದಕ್ಕೆ ಇವು ಎಷ್ಟು ದೊಡ್ಡ ಅನುಕೂಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮೀ ಮುವಾ ಅವರ ಕಾರ್ಯಕರ್ತರು ಮನೆಮನೆಗೆ ಹೋಗಿ ಮತಪತ್ರ ಹೇಗಿರುತ್ತದೆ, ಗುರುತು ಎಲ್ಲಿ ಹಾಕಬೇಕು ಎಂಬುದನ್ನು ಹಿರಿಯರಿಗೆ ಅವರ ಭಾಷೆಯಲ್ಲೇ ಕಲಿಸಿದರು. ಮಿನ್ನೆಸೋಟಾದ ಜನವರಿಯ ಹಿಮದಲ್ಲಿ ಆ ಅಜ್ಜ ಅಜ್ಜಿಯರು ಜೀವನದ ಮೊದಲ ಮತ ಹಾಕಲು ಬಂದರು.

ಆದರೆ ಹ್ಮಾಂಗ್ ಮತಗಳಷ್ಟರಿಂದಲೇ ಗೆಲ್ಲುವ ಕ್ಷೇತ್ರವಲ್ಲ ಅದು. 2000ದ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಹ್ಮಾಂಗರು ಸುಮಾರು 42 ಸಾವಿರ. ಅವರಲ್ಲಿ ಮಕ್ಕಳೇ ಹೆಚ್ಚು. ಸೇಂಟ್ ಪಾಲ್‌ನ ಪೂರ್ವ ಭಾಗವೆಂದರೆ ತಲೆಮಾರುಗಳಿಂದ ವಲಸಿಗ ಕಾರ್ಮಿಕರ ಕೇರಿ. ಅಲ್ಲಿಯ ಸ್ವೀಡ್ ಹಾಲೊ ಎಂಬ ಕಣಿವೆಯ ಗುಡಿಸಲುಗಳಲ್ಲಿ ಮೊದಲು ಸ್ವೀಡನ್ನಿನವರು, ಆಮೇಲೆ ಇಟಲಿಯವರು, ಕೊನೆಗೆ ಮೆಕ್ಸಿಕೊದವರು ಬದುಕಿದ್ದರು. 1956ರಲ್ಲಿ ನಗರಾಡಳಿತವೇ ಅದನ್ನು ಖಾಲಿ ಮಾಡಿಸಿ ಸುಟ್ಟುಹಾಕಿತು. ಆ ವಲಸಿಗರ ಮಕ್ಕಳು ಮೊಮ್ಮಕ್ಕಳಿಗೆ ಅನ್ನ ಕೊಟ್ಟಿದ್ದ ವರ್ಲ್‌ಪೂಲ್ ಕಾರ್ಖಾನೆ 1984ರಲ್ಲಿ ಮುಚ್ಚಿತ್ತು, ಹ್ಯಾಮ್ಸ್ ಬಿಯರ್ ಕಾರ್ಖಾನೆ 1997ರಲ್ಲಿ. ಕೆಲಸ ಕಳೆದುಕೊಂಡ ಬೀದಿಗಳಲ್ಲಿ ಹೊಸ ಮುಖಗಳು ಮನೆ ಕೊಳ್ಳುತ್ತಿದ್ದವು. ಸಿಟ್ಟಿಗೆ ಕಾರಣ ಹುಡುಕುವವರಿಗೆ ಇಷ್ಟು ಸಾಕು. ಡೆಮಾಕ್ರಟಿಕ್ ಫಾರ್ಮರ್ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಮೀ ಮುವಾ ಆ ಬಿಳಿಯ ಕಾರ್ಮಿಕ ಮನೆಗಳ ಬಾಗಿಲನ್ನೂ ತಟ್ಟಿದರು. ಬಹುಕೋನ ಸ್ಪರ್ಧೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಮತ ಬಂತು. ಸೆಪ್ಟೆಂಬರ್ 11ರ ದಾಳಿ ನಡೆದು ಇನ್ನೂ ಐದು ತಿಂಗಳಾಗಿರಲಿಲ್ಲ; ಹೊರಗಿನಿಂದ ಬಂದವರ ಮೇಲೆ ದೇಶದ ತುಂಬ ಅನುಮಾನ ಹೊಗೆಯಾಡುತ್ತಿದ್ದ ಹೊತ್ತು. ಆ ಮತದಾರರಿಗೂ ಗೆಲುವಿನ ಶ್ರೇಯಸ್ಸು ಸಲ್ಲಬೇಕು.

ಸಮುದಾಯದ ಒಳಗಿನ ಗೋಡೆಯೂ ಸಣ್ಣದಿರಲಿಲ್ಲ. ಹ್ಮಾಂಗ್ ಹೆಣ್ಣು ಮದುವೆಯಾದ ಮೇಲೂ ತವರಿನ ಕುಲದ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಆದರೆ ಕುಲದ ಪಂಚಾಯಿತಿಯಲ್ಲಿ ಮಾತು ಗಂಡಸರದು. ಅಂಥಲ್ಲಿ ಮೂವತ್ತೆರಡರ ಹೆಣ್ಣೊಬ್ಬಳು ಹಿರಿಯರ ಮುಂದೆ ನಿಂತು, ನಿಮ್ಮ ಪರವಾಗಿ ನಾನು ಮಾತಾಡುತ್ತೇನೆ ಎಂದದ್ದು ಸಾಮಾನ್ಯ ಮಾತಲ್ಲ. 1991ರಲ್ಲಿ ಸೇಂಟ್ ಪಾಲ್‌ನ ಶಾಲಾ ಮಂಡಳಿಗೆ ಆಯ್ಕೆಯಾಗಿ ಅಮೆರಿಕದಲ್ಲಿ ಚುನಾವಣೆ ಗೆದ್ದ ಮೊದಲ ಹ್ಮಾಂಗ್ ಎನಿಸಿದ ಚುವಾ ಲೀ ಕೂಡ ಹೆಣ್ಣೇ.

ಮಿನ್ನೆಸೋಟಾದ ಸೆನೆಟ್‌ನಲ್ಲಿ 67 ಸ್ಥಾನ. ಅಲ್ಲಿ ಶಾಸಕತನ ಪೂರ್ಣಾವಧಿ ಉದ್ಯೋಗವಲ್ಲ. ಅಧಿವೇಶನ ವರ್ಷದ ಆರಂಭದ ಕೆಲವು ತಿಂಗಳು, ಆಗಿನ ಸಂಬಳ ವರ್ಷಕ್ಕೆ 31,140 ಡಾಲರ್. ಅಮೆರಿಕದ ಲೆಕ್ಕಕ್ಕೆ ಇದು ಸಣ್ಣ ಮೊತ್ತ. ಮೀ ಮುವಾ ಒಂಬತ್ತು ವರ್ಷ ಅಲ್ಲಿದ್ದರು. 2007ರಿಂದ ನ್ಯಾಯಾಂಗ ಸಮಿತಿಯ ಅಧ್ಯಕ್ಷೆಯಾದರು. ಈ ಹುದ್ದೆಯ ತೂಕ ನಮ್ಮ ಓದುಗರಿಗೆ ಸುಲಭವಾಗಿ ತಿಳಿಯಲಿಕ್ಕಿಲ್ಲ. ನಮ್ಮ ವಿಧಾನಸಭೆಗಳಲ್ಲಿ ಮಸೂದೆ ಮಂಡನೆಯಾಗಿ ಅದೇ ವಾರ ಅಂಗೀಕಾರವಾಗುವುದು ಮಾಮೂಲು. ಅಲ್ಲಿ ಮಸೂದೆ ಮೊದಲು ಸಮಿತಿಗೆ ಹೋಗಬೇಕು, ಸಾರ್ವಜನಿಕರ ಅಹವಾಲು ನಡೆಯಬೇಕು. ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಮೂಲೆಗಿಡಬೇಕು ಎಂಬುದು ಬಹುಪಾಲು ಅಧ್ಯಕ್ಷರ ಕೈಯಲ್ಲಿರುತ್ತದೆ. ನ್ಯಾಯಾಲಯ, ಕುಟುಂಬ, ಆಸ್ತಿ ಇಂಥ ವಿಷಯಗಳ ಶಾಸನಗಳು ಹೀಗೆ ಅವರ ಮೇಜಿನ ಮೇಲಿಂದ ಹಾದುಹೋದವು.

ಆ ವರ್ಷಗಳು ಸಮುದಾಯಕ್ಕೆ ಹಗುರವಾಗಿರಲಿಲ್ಲ. 2004ರಲ್ಲಿ ಥಾಯ್ಲೆಂಡಿನ ವಾಟ್ ಥಾಮ್ ಕ್ರಾಬೊಕ್ ಬೌದ್ಧ ಮಠದ ಆವರಣದಲ್ಲಿ ಉಳಿದಿದ್ದ ಸುಮಾರು 15 ಸಾವಿರ ಹ್ಮಾಂಗರನ್ನು ಅಮೆರಿಕ ಸೇರಿಸಿಕೊಳ್ಳತೊಡಗಿತು. ಅವರಲ್ಲಿ ಸಾವಿರಾರು ಮಂದಿ ಮಿನ್ನೆಸೋಟಾಕ್ಕೇ ಬಂದರು. ಅದೇ ವರ್ಷದ ನವೆಂಬರ್‌ನಲ್ಲಿ ಪಕ್ಕದ ವಿಸ್ಕಾನ್ಸಿನ್ ಕಾಡಿನಲ್ಲಿ ಬೇಟೆಗೆ ಹೋದ ಸೇಂಟ್ ಪಾಲ್‌ನ ಹ್ಮಾಂಗ್ ವ್ಯಕ್ತಿಯೊಬ್ಬ ಆರು ಮಂದಿ ಬಿಳಿಯ ಬೇಟೆಗಾರರನ್ನು ಗುಂಡಿಟ್ಟು ಕೊಂದ. ಒಬ್ಬನ ಅಪರಾಧಕ್ಕೆ ಇಡೀ ಸಮುದಾಯ ಉತ್ತರ ಹೇಳಬೇಕಾದ ಸ್ಥಿತಿ ಬಂತು. ಅಲ್ಪಸಂಖ್ಯಾತರಿಗೆ ಇದು ಎಲ್ಲ ದೇಶಗಳಲ್ಲೂ ಗೊತ್ತಿರುವ ನೋವು. ಅಧಿಕಾರದ ಮನೆಯಲ್ಲಿ ತಮ್ಮವರೊಬ್ಬರು ಇರುವುದು ಗೆಲುವಿನ ದಿನಕ್ಕಿಂತ ಇಂಥ ದಿನಗಳಲ್ಲಿ ಹೆಚ್ಚು ಬೇಕಾಗುತ್ತದೆ.

2010ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. 2012ರಿಂದ 2017ರವರೆಗೆ ವಾಷಿಂಗ್ಟನ್ನಿನಲ್ಲಿ ಏಷ್ಯನ್ ಅಮೆರಿಕನ್ನರ ನಾಗರಿಕ ಹಕ್ಕುಗಳ ಸಂಸ್ಥೆಯನ್ನು ನಡೆಸಿದರು. ನನ್ನ ದೃಷ್ಟಿಯಲ್ಲಿ ಅವರ ಬದುಕಿನ ಅತ್ಯಂತ ಮುಖ್ಯವಾದ ಮಾತು ಹೊರಬಂದದ್ದು ಈ ಕಾಲದಲ್ಲಿ, 2013ರ ಮಾರ್ಚ್ 18ರಂದು, ಅಮೆರಿಕದ ಸೆನೆಟ್‌ನ ನ್ಯಾಯಾಂಗ ಸಮಿತಿಯ ಮುಂದೆ.

ವಲಸೆ ಕಾನೂನನ್ನು ಬದಲಿಸುವ ದೊಡ್ಡ ಮಸೂದೆ ಆಗ ತಯಾರಾಗುತ್ತಿತ್ತು. ಅಮೆರಿಕದ ಪೌರರು ತಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರನ್ನು ಕರೆಸಿಕೊಳ್ಳುವ ವೀಸಾ ವರ್ಗವನ್ನು ತೆಗೆದುಹಾಕಿ, ವಿದ್ಯೆ ಮತ್ತು ಕೌಶಲಕ್ಕೆ ಅಂಕ ಕೊಟ್ಟು ಆರಿಸುವ ಪದ್ಧತಿ ತರಬೇಕೆಂಬ ವಾದ ಬಲವಾಗಿತ್ತು. ವಲಸೆ ಸುಧಾರಣೆಯಲ್ಲಿ ಹೆಂಗಸರ ಸ್ಥಾನವೇನು ಎಂಬುದು ಅಂದಿನ ವಿಚಾರಣೆಯ ವಿಷಯ. ಅಧ್ಯಕ್ಷತೆ ವಹಿಸಿದ್ದವರು ಹವಾಯಿಯ ಸೆನೆಟರ್ ಮೇಜಿ ಹಿರೋನೊ. ಇವರೂ ಜಪಾನಿನ ಫುಕುಶಿಮಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ತಾಯಿಯ ಜೊತೆ ಹವಾಯಿಗೆ ಬಂದು, ವಕೀಲೆಯಾಗಿ, ರಾಜ್ಯದ ಶಾಸಕಿಯಾಗಿ ಬೆಳೆದವರು.

ಅಲಬಾಮಾದ ಸೆನೆಟರ್ ಜೆಫ್ ಸೆಷನ್ಸ್ ಮೀ ಮುವಾ ಅವರ ಮುಂದೆ ಒಂದು ಪ್ರಶ್ನೆ ಇಟ್ಟರು. ಒಂದು ದೇಶದ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ತರಗತಿಗೇ ಮೊದಲಿಗ, ಕಾಲೇಜು ಓದಿದವ, ಇಂಗ್ಲಿಷ್ ಬಲ್ಲವ. ಇನ್ನೊಬ್ಬ ಶಾಲೆ ಬಿಟ್ಟವ, ಕೌಶಲ ಕಡಿಮೆ, ಆದರೆ ಅವನಿಗೆ ಅಮೆರಿಕದಲ್ಲಿ ಒಡಹುಟ್ಟಿದವರಿದ್ದಾರೆ. ಮೊದಲನೆಯವನನ್ನು ಆರಿಸುವುದು ದೇಶಕ್ಕೆ ಒಳ್ಳೆಯದಲ್ಲವೇ? ಕೇಳಲು ಉತ್ತರವಿಲ್ಲದ ಪ್ರಶ್ನೆ. ಮೀ ಮುವಾ ಆ ಲೆಕ್ಕಾಚಾರವನ್ನು ಅಲ್ಲಗಳೆಯಲಿಲ್ಲ. ನೀವು ಹೇಳಿದಂತೆ ನೋಡಿದರೆ ದೇಶದ ಹಿತ ಯಾವುದರಲ್ಲಿದೆ ಎಂದು ಜನ ತೀರ್ಮಾನಿಸಬಹುದು, ಆದರೆ ವಾಸ್ತವದಲ್ಲಿ ಆ ಎರಡನೆಯ ವ್ಯಕ್ತಿ ಒಬ್ಬ ಹೆಣ್ಣಾಗಿರುತ್ತಾಳೆ, ಅವಳನ್ನು ಓದಲು ಬಿಟ್ಟಿರುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ವಿದ್ಯೆಯನ್ನೇ ಅಳತೆಗೋಲು ಮಾಡಿದರೆ ತವರಿನಲ್ಲಿ ಆದ ಅನ್ಯಾಯವನ್ನು ಅಮೆರಿಕದ ಬಾಗಿಲಲ್ಲಿ ಇನ್ನೊಮ್ಮೆ ಮಾಡಿದಂತಾಗುತ್ತದೆ ಎಂಬುದು ಅದರ ತಿರುಳು.

ಅದನ್ನು ಹೇಳಿದವರ ಹಿನ್ನೆಲೆ ನೋಡಿ. 1978ರಲ್ಲಿ ಅಂಕಪಟ್ಟಿ ಹಿಡಿದು ಆರಿಸಿದ್ದರೆ ಮುವಾ ಕುಟುಂಬದ ಅಂಕ ಎಷ್ಟಾಗುತ್ತಿತ್ತು? ಇಂಗ್ಲಿಷ್ ಇಲ್ಲ, ಪದವಿ ಇಲ್ಲ, ಅಮೆರಿಕದ ಮಾರುಕಟ್ಟೆಗೆ ಬೇಕಾದ ಕಸುಬಿಲ್ಲ. ಬ್ರೌನ್, ಟೆಕ್ಸಾಸ್, ಕಾನೂನು ಪದವಿ, ಸೆನೆಟ್ ಎಲ್ಲವೂ ಬಂದದ್ದು ಬಾಗಿಲು ದಾಟಿದ ಮೇಲೆ. ಒಳಗೆ ಬಿಟ್ಟುಕೊಳ್ಳುವ ಹೊತ್ತಿನಲ್ಲಿ ಒಬ್ಬ ಹುಡುಗಿಯ ಯೋಗ್ಯತೆಯನ್ನು ಅಳೆಯುವ ಯಾವ ಕೋಲೂ ಇಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

2013ರ ಜೂನ್ 27ರಂದು ಸೆನೆಟ್ 68–32 ಮತಗಳಿಂದ ಆ ಮಸೂದೆಯನ್ನು ಅಂಗೀಕರಿಸಿತು. ಒಡಹುಟ್ಟಿದವರ ವರ್ಗವನ್ನು ಕೈಬಿಡುವ ವಿಧಿ ಅದರಲ್ಲಿ ಉಳಿದೇ ಇತ್ತು. ಹೆಂಗಸರಿಗೆ ಅಂಕಪದ್ಧತಿಯಲ್ಲಿ ನ್ಯಾಯ ಸಿಗಬೇಕೆಂದು ಹಿರೋನೊ ತಂದ ತಿದ್ದುಪಡಿಗೆ ಅದರಲ್ಲಿ ಜಾಗ ಸಿಗಲಿಲ್ಲ. ಕೆಳಮನೆ ಮಸೂದೆಯನ್ನು ಎತ್ತಿಕೊಳ್ಳದೆ ಬಿಟ್ಟಿದ್ದರಿಂದ ಹಳೆಯ ಕಾನೂನೇ ಮುಂದುವರಿದಿದೆ. ಒಡಹುಟ್ಟಿದವರ ವರ್ಗಕ್ಕೆ ವರ್ಷಕ್ಕೆ 65 ಸಾವಿರ ವೀಸಾ. ಭಾರತದಿಂದ ಅರ್ಜಿ ಹಾಕಿದವರ ಕಾಯುವ ಅವಧಿ ಹದಿನೈದು ವರ್ಷ ದಾಟಿದೆ. ಅಮೆರಿಕದ ಪೌರರಾದ ಕನ್ನಡಿಗರ ಎಷ್ಟೋ ಮನೆಗಳಿಗೆ ಈ ಸಾಲು ಚೆನ್ನಾಗಿ ಗೊತ್ತು. ಅರ್ಜಿ ಹಾಕುವಾಗ ಶಾಲೆಗೆ ಹೋಗುತ್ತಿದ್ದ ತಂಗಿಯ ಮಕ್ಕಳು ಸರದಿ ಬರುವ ಹೊತ್ತಿಗೆ ವಯಸ್ಸು ಮೀರಿ ಅರ್ಜಿಯಿಂದಲೇ ಹೊರಗುಳಿಯುತ್ತಾರೆ.

ಮೀ ಮುವಾ ಗೆದ್ದ ಅದೇ 2002ರ ನವೆಂಬರ್‌ನಲ್ಲಿ ಸೈ ಥಾವೊ ಮಿನ್ನೆಸೋಟಾದ ಕೆಳಮನೆಗೆ ಆಯ್ಕೆಯಾದರು. ಈಗ ಅಲ್ಲಿಯ ಶಾಸನಸಭೆಯಲ್ಲಿ ಹ್ಮಾಂಗ್ ಸದಸ್ಯರಿರುವುದು ಸುದ್ದಿಯೇ ಅಲ್ಲ. 2025ರ ನವೆಂಬರ್‌ನಲ್ಲಿ, ಲಾವೋಸಿನಲ್ಲಿ ಹುಟ್ಟಿದ ಶಾಸಕಿ ಕಾವ್ಲಿ ಹರ್ ಸೇಂಟ್ ಪಾಲ್‌ನ ಮೇಯರ್ ಚುನಾವಣೆಯನ್ನೇ ಗೆದ್ದರು.

ಅಮೆರಿಕಕ್ಕೆ ಹೋದ ಕನ್ನಡಿಗರಲ್ಲಿ ಬಹುಪಾಲು ಮಂದಿ ಪದವಿಯ ಬಲದಿಂದ ಹೋದವರು. ಆದ್ದರಿಂದಲೇ ಅಂಕಪದ್ಧತಿಯ ಮಾತು ಬಂದಾಗ ನಮ್ಮವರಲ್ಲಿ ಹಲವರು ಸುಲಭವಾಗಿ ತಲೆಯಾಡಿಸುತ್ತಾರೆ, ಯೋಗ್ಯರು ಬರಲಿ, ಉಳಿದವರು ಬೇಡ ಎನ್ನುತ್ತಾರೆ. ಹಾಗೆನ್ನುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಜ್ಜಿಯನ್ನು ಎಷ್ಟನೆಯ ತರಗತಿಗೆ ಶಾಲೆ ಬಿಡಿಸಿದರು, ಯಾರ ಓದಿಗಾಗಿ ಬಿಡಿಸಿದರು ಎಂದು ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಆಮೇಲೆ ಅಂಕಗಳ ಬಗ್ಗೆ ಅಭಿಪ್ರಾಯ ಹೇಳಿ.